ತಿರುವಿನಲ್ಲಿ ಮಾತ್ರ ಬೀಳುವ ಕಾಯಿಲೆ

ನನಗೊಂದು ಕೆಟ್ಟ ಚಟವಿದೆ. ದಾರಿಯಲ್ಲಿ ಯಾವ ಸೈಕಲ್ ಕಂಡರೂ ಮೊದಲು ಅದರ ಮುಂದಿನ ಫೋರ್ಕು ನೋಡುತ್ತೇನೆ. ಸೈಕಲ್ಲಿನ ಬಣ್ಣ, ತುಳಿಯುತ್ತಿರುವವರ ಮುಖ ಎಲ್ಲ ಆಮೇಲೆ. ಮುಂದಿನ ಚಕ್ರವನ್ನು ಆ ಕಡೆ ಈ ಕಡೆ ಹಿಡಿದುಕೊಂಡ ಎರಡು ಕಾಲುಗಳಿರುತ್ತವಲ್ಲ, ಅದೇ ಫೋರ್ಕು. ಆ ಕಾಲುಗಳ ತುದಿ ಸ್ವಲ್ಪ ಮುಂದಕ್ಕೆ ಬಾಗಿದೆ ಎಂದು ಖಾತ್ರಿಯಾಗುವವರೆಗೆ ನನಗೆ ಸಮಾಧಾನವಿಲ್ಲ. ಈಗಿನ ಗೇರ್ ಸೈಕಲ್ಲುಗಳಲ್ಲಿ ಫೋರ್ಕು ನೆಟ್ಟಗೇ ಇರುತ್ತದೆ, ಅವುಗಳ ಮುಂದೆ ನನ್ನ ಪಾಂಡಿತ್ಯ ನಡೆಯುವುದಿಲ್ಲ, ಸುಮ್ಮನೆ ದಾರಿ ಬಿಡುತ್ತೇನೆ.

ಈಚೆಗೆ ಬಸವೇಶ್ವರನಗರದ ಸಿಗ್ನಲ್ಲಿನಲ್ಲಿ ಒಬ್ಬರು ಸ್ಕೂಟರಿನ ಹಿಂದೆ ಹೊಸ ಮಕ್ಕಳ ಸೈಕಲ್ ಕಟ್ಟಿಕೊಂಡು ನಿಂತಿದ್ದರು. ಅಂಗಡಿಯವರು ಅವಸರದಲ್ಲಿ ಫೋರ್ಕನ್ನು ಹಿಂದುಮುಂದಾಗಿ ಜೋಡಿಸಿದ್ದು ನನಗೆ ಆಚೆ ಬದಿಯಿಂದಲೇ ಕಂಡಿತು. “ಸಾರ್, ನಿಮ್ಮ ಫೋರ್ಕು ಉಲ್ಟಾ ಆಗಿದೆ” ಎಂದು ಕೂಗಿದೆ. ಅವರು ಗಾಬರಿಯಾಗಿ ಸ್ಕೂಟರಿನ ಸೈಡ್ ಸ್ಟ್ಯಾಂಡ್ ನೋಡಿಕೊಂಡರು, ಆಮೇಲೆ ಪ್ಯಾಂಟಿನ ಜಿಪ್ ನೋಡಿಕೊಂಡರು. ಗಾಡಿ ಓಡಿಸುತ್ತಿದ್ದ ನನ್ನ ಗಂಡ ಹಿಂದೆ ಕೂತವಳು ಯಾರೋ ಲಿಫ್ಟ್ ಕೇಳಿ ಹತ್ತಿದವಳು ಎಂಬಂತೆ ಮುಂದಕ್ಕೇ ನೋಡುತ್ತಿದ್ದರು. ಗ್ರೀನ್ ಬಿದ್ದಿತು. ಆ ಮಗುವಿನ ಗತಿ ಏನಾಯಿತೋ ಎಂದು ನಾನು ಮನೆಗೆ ಬಂದ ಮೇಲೂ ಯೋಚಿಸುತ್ತಿದ್ದೆ.

ನಕ್ಕರೆ ನಗಿ. ಆದರೆ ನನ್ನ ಹಾಗೆ ನೀವೂ ಒಂದು ಫೋರ್ಕಿನ ದೆಸೆಯಿಂದ ವಾರಗಟ್ಟಲೆ ಅನ್ನ ಸೇರದೆ ಕೂತಿದ್ದರೆ ಗೊತ್ತಾಗುತ್ತಿತ್ತು.

ಅಪ್ಪ ಮಾಗಡಿ ರಸ್ತೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಹೋಗುವುದು ಸೈಕಲ್ಲಿನಲ್ಲಿ, ಬರುವುದು ಸೈಕಲ್ಲಿನಲ್ಲಿ, ನಡುವೆ ನಮ್ಮನ್ನು ಸ್ಕೂಲಿಗೆ ಬಿಡುವುದೂ ಅದರಲ್ಲೇ. ಅಕ್ಕ ಸುಧಾ ಹಿಂದಿನ ಕ್ಯಾರಿಯರ್‌ನಲ್ಲಿ, ನಾನು ಮುಂದಿನ ಬಾರ್ ಮೇಲೆ. ಬಾರ್ ಕುಂಡಿಗೆ ಒತ್ತಬಾರದೆಂದು ಹಳೆಯ ಟವೆಲ್ ಸುತ್ತಿರುತ್ತಿದ್ದರು. ನನ್ನ ಗಲ್ಲ ಬೆಲ್ಲಿನ ಮಟ್ಟಕ್ಕೆ ಬರುತ್ತಿತ್ತು. ಮೇಲೆ ಅಪ್ಪನ ಉಸಿರಿನಲ್ಲಿ ಏಲಕ್ಕಿಯ ವಾಸನೆ, ಕೆಳಗೆ ಓಡುವ ಟಾರು. ನಾನು ಬಗ್ಗಿ ಚಕ್ರವನ್ನೇ ನೋಡುತ್ತಾ ಕೂತರೆ “ಚಕ್ರ ನೋಡ್ಬೇಡ ಕಣೇ, ತಲೆ ಸುತ್ತುತ್ತೆ, ದಾರಿ ನೋಡು” ಎನ್ನುತ್ತಿದ್ದರು. ನಾನು ಸೈಕಲ್ ಕಲಿಯುವಾಗಲೂ ಹಾಗೇ ಹೇಳಿ ಹಿಂದಿನಿಂದ ಕೈ ಬಿಟ್ಟುಬಿಟ್ಟರು. ನಾನು ದಾರಿಯನ್ನೇ ನೋಡಿಕೊಂಡು ಹೋಗಿ ಚರಂಡಿಗೆ ಬಿದ್ದೆ. ಚರಂಡಿಯೂ ದಾರಿಯಲ್ಲೇ ಇತ್ತು ಎಂಬುದು ಅವರ ವಾದ.

ರಿಟೈರ್ ಆಗುವ ಹೊತ್ತಿಗೆ ಹಳೆಯ ಕಡ್ಡಿ ಬ್ರೇಕಿನ ಸೈಕಲ್ ತರಕಾರಿ ಮಾರ್ಕೆಟ್ಟಿನಲ್ಲಿ ಕಳುವಾಗಿ, ವೈರ್ ಬ್ರೇಕಿನದೊಂದು ಬಂದಿತ್ತು. ಅಪ್ಪನಿಗೆ ಮುಂದಿನ ಬ್ರೇಕಿನ ಮೇಲೆ ನಂಬಿಕೆಯಿರಲಿಲ್ಲ. ಅದನ್ನು ಹಿಡಿದರೆ ಮನುಷ್ಯ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾನೆ ಎಂದು ಯಾರೋ ಹೇಳಿದ್ದನ್ನು ಮೂವತ್ತು ವರ್ಷ ನಂಬಿಕೊಂಡಿದ್ದರು. ತಂದ ವಾರದಲ್ಲೇ ಅದನ್ನು ಬಿಚ್ಚಿ ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ಸ್ಪ್ಯಾನರ್, ನಟ್ಟು, ಬೋಲ್ಟು ಎಲ್ಲ ಇರುವ ಆ ಡಬ್ಬಿ ನಮ್ಮ ಮನೆಯಲ್ಲಿ ದೇವರ ಮನೆಯ ಪಕ್ಕದ ಕಪಾಟಿನಲ್ಲಿತ್ತು. ಮುಂದಿನ ಮಡ್‌ಗಾರ್ಡ್ ಗಡಗಡ ಅನ್ನುತ್ತದೆ ಎಂದು ಅದನ್ನೂ ಬಿಚ್ಚಿದರು. ಸೈಕಲ್ಲಿನ ಕೆಲಸಕ್ಕೆ ಅಂಗಡಿಗೆ ಹೋಗುವುದೆಂದರೆ ಅವರಿಗೆ ಅವಮಾನ.

ಅಕ್ಕನ ಮದುವೆ ಗೊತ್ತಾಯಿತು. ಆಗಿನ್ನೂ ವಿಜಯನಗರಕ್ಕೆ ಮೆಟ್ರೋ ಬಂದಿರಲಿಲ್ಲ, ನಾನು ಬಿ.ಎಡ್. ಮುಗಿಸಿ ಒಂದು ಖಾಸಗಿ ಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ನಮ್ಮದು ಅಲ್ಲೇ ಆರ್‌ಪಿಸಿ ಲೇಔಟಿನಲ್ಲಿ ಸಣ್ಣ ಮನೆ, ಹಿಂದೆ ಒಂದು ಬಾಡಿಗೆ ಪೋರ್ಷನ್, ಪಕ್ಕದಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಓಣಿ. ಮನೆ ಮುಂದೆ ಚಪ್ಪರ ಹಾಕುವವರು ಬಂದರು. ಅಡುಗೆಯವರು ಆ ಓಣಿಯಲ್ಲೇ ಒಲೆ ಹೂಡುತ್ತೇವೆ, ಅಲ್ಲಿರುವುದೆಲ್ಲ ಖಾಲಿ ಮಾಡಿ ಎಂದರು. ಹೂವಿನ ಕುಂಡ ತಾರಸಿಗೆ ಹೋಯಿತು, ನನ್ನ ಸ್ಕೂಟಿ ಎದುರು ಮನೆಗೆ ಹೋಯಿತು. ಸೈಕಲ್ಲನ್ನು ಮಾತ್ರ ಅಪ್ಪ ಯಾರ ಮನೆಗೂ ಕೊಡಲೊಲ್ಲರು. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಇಡುತ್ತೇನೆ ಎಂದರು. ಹ್ಯಾಂಡಲ್ ಅಡ್ಡ ಬರುತ್ತಿತ್ತು. ಡಬ್ಬಿ ತೆಗೆದರು, ಹ್ಯಾಂಡಲಿನ ಬೋಲ್ಟ್ ಸಡಿಲಿಸಿ ಅದನ್ನು ಸೈಕಲ್ಲಿನ ಉದ್ದಕ್ಕೇ ತಿರುಗಿಸಿ ಒಳಗೆ ತೂರಿಸಿದರು. ಬೆಂಗಳೂರಿನ ಓಣಿಗಳಲ್ಲಿ ಬದುಕುವವರಿಗೆಲ್ಲ ಗೊತ್ತಿರುವ ಉಪಾಯ ಇದು.

ಮದುವೆ ಆಯಿತು. ಅಕ್ಕ ಅಳುತ್ತಾ ಹೋಗಿ ನಗುತ್ತಾ ಫೋನ್ ಮಾಡಿದಳು. ಬೀಗರೂಟ, ಸತ್ಯನಾರಾಯಣ ಪೂಜೆ, ಬಾಡಿಗೆ ಪಾತ್ರೆ ವಾಪಸ್ಸು ಎಂದು ತಿಂಗಳ ಮೇಲೆ ಕಳೆದ ನಂತರ ಒಂದು ಸಂಜೆ ಅಪ್ಪ ಸೈಕಲ್ ಹೊರಗೆ ಎಳೆದು, ಹ್ಯಾಂಡಲ್ ನೆಟ್ಟಗೆ ಮಾಡಿ, ಬೋಲ್ಟ್ ಬಿಗಿ ಮಾಡಿ, ಬಟ್ಟೆಯಿಂದ ಒರೆಸಿ ಇಟ್ಟರು. ಮರುದಿನ ಸೊಪ್ಪು ತರಲು ಹೋದವರು ಮೊಣಕೈ ತರಚಿಸಿಕೊಂಡು ಬಂದರು. ಬ್ಯಾಗಿನಲ್ಲಿ ಟೊಮೆಟೊ ಗೊಜ್ಜಾಗಿತ್ತು.

“ತಿರುವಿನಲ್ಲಿ ಮರಳಿತ್ತು” ಎಂದರು.

ನಾಲ್ಕು ದಿನ ಬಿಟ್ಟು ಮತ್ತೆ ಬಿದ್ದರು. ಆಗ ನಾಯಿ ಅಡ್ಡ ಬಂದಿತ್ತು. ಆಮೇಲಿನ ಸಲ ಬೇಕರಿ ಮುಂದೆ, ಹತ್ತು ಜನ ಟೀ ಕುಡಿಯುತ್ತಾ ನೋಡುತ್ತಿರುವಾಗ, ಮರಳಿಲ್ಲದ, ನಾಯಿಯಿಲ್ಲದ ಒಣ ರಸ್ತೆಯಲ್ಲಿ ಎಡಕ್ಕೆ ತಿರುಗುತ್ತಾ ಬಿದ್ದರು. ಆವತ್ತು ಮನೆಗೆ ಬಂದು ಯಾವ ಕಾರಣವನ್ನೂ ಹೇಳಲಿಲ್ಲ. ಕೈಕಾಲು ತೊಳೆದು ಪೇಪರ್ ಹಿಡಿದು ಕೂತರು.

ಅರವತ್ತು ದಾಟಿದವರಿಗೆ ಒಂದು ಅಭ್ಯಾಸ ಇರುತ್ತದೆ, ನೋಡಿ. ಕೆಟ್ಟದ್ದು ಏನೇ ಆದರೂ ಅದನ್ನು ವಯಸ್ಸಿನ ತಲೆಗೆ ಕಟ್ಟುವುದು. ದಾರ ಸೂಜಿಗೆ ಹೋಗದಿದ್ದರೂ ವಯಸ್ಸು, ಬಸ್ಸು ತಡವಾದರೂ ವಯಸ್ಸು. ಮನೆಯವರು ನಾವೂ ಕಡಿಮೆಯೇನಿಲ್ಲ. “ಮಗಳ ಮದುವೆ ಮಾಡಿ ಮುಗಿಸಿದ ಮೇಲೆ ಗಂಡಸರು ಹಿಂಗೇ ಒಂದ್ಸಲ ಕುಸಿದುಬಿಡ್ತಾರೆ” ಎಂದು ಎದುರು ಮನೆ ಆಂಟಿ ಹೇಳಿದ್ದನ್ನು ಅಮ್ಮ ತಲೆದೂಗಿ ಒಪ್ಪಿಕೊಂಡಳು. ಆದರೆ ಅಮ್ಮನ ಮನಸ್ಸಿನಲ್ಲಿದ್ದದ್ದು ಬೇರೆ.

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ ಕೆಂಗೇರಿಯಲ್ಲಿದ್ದರು. ಅವರಿಗೂ ಹೀಗೇ ಶುರುವಾಗಿದ್ದು. ಮೊದಲು ಸೈಕಲ್ಲಿನಿಂದ ಬೀಳತೊಡಗಿದರು. ಆಮೇಲೆ ನಡೆಯುವಾಗ ಕಾಲು ಎಳೆಯಲು ಶುರು ಮಾಡಿದರು. ಆಮೇಲೆ ಕಾಫಿ ಲೋಟ ಕೈಯಲ್ಲಿ ನಿಲ್ಲದಾಯಿತು, ಕೊನೆಗೆ ಹಾಸಿಗೆ. ಎಂಟು ವರ್ಷ ಹಾಗೇ ಇದ್ದು ಹೋದರು. ಅವರ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆ ದಿನಗಳಲ್ಲಂತೂ ಎಲ್ಲರೂ ಎಚ್ಚರಿಕೆಯಿಂದ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಮ್ಮ ನನ್ನನ್ನು ಹಿತ್ತಲಿಗೆ ಕರೆದು ಅಪ್ಪನ ಚಪ್ಪಲಿ ತೋರಿಸಿದಳು. ಎರಡೂ ಚಪ್ಪಲಿಯ ಹೆಬ್ಬೆರಳಿನ ತುದಿ ಸವೆದು ನೂಲು ಕಿತ್ತು ಬಂದಿತ್ತು.

“ಮದುವೆಗೆ ತಗೊಂಡಿದ್ದು ಕಣೇ ಇದು” ಎಂದಳು. ಕಾಲೆಳೆಯುವವರ ಚಪ್ಪಲಿ ಎಲ್ಲಿ ಸವೆಯುತ್ತದೆ ಎಂದು ದೊಡ್ಡಪ್ಪನನ್ನು ನೋಡಿದ ನಮಗೆ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರು ಅಪ್ಪನ ಕಣ್ಣು ಮುಚ್ಚಿಸಿ ಮೂಗಿನ ತುದಿ ಮುಟ್ಟಿಸಿದರು, ಗೆರೆ ಮೇಲೆ ನಡೆಸಿದರು, ಒಂಟಿ ಕಾಲಿನಲ್ಲಿ ನಿಲ್ಲಿಸಿದರು. ಅಪ್ಪ ಎಲ್ಲದರಲ್ಲೂ ಪಾಸು. “ಇಲ್ಲೇನೂ ಕಾಣ್ತಾ ಇಲ್ಲ ಸಾರ್. ಆದ್ರೆ ಇಷ್ಟು ಸಲ ಬಿದ್ದಿದೀರಿ ಅಂದ್ರೆ ಒಂದ್ಸಲ ನರದ ಡಾಕ್ಟರಿಗೆ ತೋರಿಸಿಬಿಡಿ. ಅಲ್ಲೀವರೆಗೂ ಸೈಕಲ್ ಬೇಡ” ಎಂದರು. ಅಪ್ಪ ತಲೆಯಾಡಿಸಿದರು. ನರದ ಡಾಕ್ಟರ ಹತ್ತಿರ ಹೋಗೋಣ ಎಂದರೆ ಮಾತ್ರ ಈ ವಾರ ಬೇಡ, ಅಮಾವಾಸ್ಯೆ ಕಳೆಯಲಿ, ಸುಧಾ ಬಂದು ಹೋಗಲಿ ಎಂದು ಒಂದಲ್ಲ ಒಂದು ನೆಪ. ಜಾತಕವನ್ನೇ ನಂಬದ ಮನುಷ್ಯ ಅಮಾವಾಸ್ಯೆ ನೋಡಲು ಶುರು ಮಾಡಿದ್ದು ಕಂಡು ನನಗೆ ಅವರಿಗೂ ಭಯವಾಗಿದೆ ಎಂದು ಗೊತ್ತಾಯಿತು.

ನಮ್ಮ ಗಲಿಬಿಲಿ ಹೆಚ್ಚಿಸಿದವರು ಹಿಂದಿನ ಪೋರ್ಷನ್ನಿನ ಶಾಂತಕ್ಕ. ಗದಗಿನ ಕಡೆಯವರು, ಗಂಡ ಸುಂಕದಕಟ್ಟೆಯಲ್ಲಿ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಡಾಕ್ಟರು ಬೇಡ ಎಂದ ಮೇಲೂ ಒಂದು ಬೆಳಿಗ್ಗೆ ಅಪ್ಪ, ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳಲೋ ಏನೋ, ನಮಗೆ ತಿಳಿಯದಂತೆ ಸೈಕಲ್ ತೆಗೆದಿದ್ದರು. ಶಾಂತಕ್ಕ ಹಾಲು ತರಲು ಹೋದವರು ನೋಡಿ ಬಂದು ಅಮ್ಮನ ಹತ್ತಿರ, “ಕಾಕಾರು ಹುಡುಗರ ಗತೆ ಎರಡೂ ಕೈ ಬಿಟ್ಟು ಹೊಂಟಿದ್ರು ನೋಡ್ರೀ ಅಕ್ಕಾರ. ಸೈಕಲ್ ಹಗ್ಗಾ ಕಟ್ಟಿ ಎಳದಂಗ ಸೀದಾ ಹೊಂಟಿತ್ತು” ಎಂದರು.

ಅಮ್ಮ ಒಲೆ ಆರಿಸಿ ಕೂತುಬಿಟ್ಟಳು. ಕೈ ಬಿಟ್ಟು ನೆಟ್ಟಗೆ ಹೋಗಬಲ್ಲ ಮನುಷ್ಯ ತಿರುಗುವಾಗ ಮಾತ್ರ ಬೀಳುತ್ತಾನೆ ಎಂದರೆ ಅದೆಂಥ ಕಾಯಿಲೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಜೀವಶಾಸ್ತ್ರದ ಟೀಚರನ್ನು ಕೇಳಿದೆ. ಅವರು ಚಿಕ್ಕ ಮೆದುಳು, ಒಳಕಿವಿ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸೈಕಲ್ ಕಣ್ಣೆದುರಿಗಿದ್ದರೆ ಅಪ್ಪ ಸುಮ್ಮನಿರುವುದಿಲ್ಲ ಎಂದು ಕೊನೆಗೆ ಅಮ್ಮ ಒಂದು ತೀರ್ಮಾನ ಮಾಡಿದಳು. ಅದನ್ನು ಬಸವೇಶ್ವರನಗರದಲ್ಲಿರುವ ಚಿಕ್ಕಮ್ಮನ ಮನೆಗೆ ಸಾಗಿಸುವುದು. ಭಾನುವಾರ ನಾನು ಅಪ್ಪನ ಮುಂದೆ ನಿಂತು, “ಅಪ್ಪಾ, ಸೈಕಲ್ ಚಿಕ್ಕಮ್ಮನ ಮನೇಲಿ ಇಟ್ಟು ಬರ್ತೀನಿ” ಎಂದೆ. ಒಂದು ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

“ತಗೊಂಡ್ ಹೋಗು. ಗಾಳಿ ನೋಡ್ಕೋ” ಎಂದರು. ಅಷ್ಟೇ. ಅವರು ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ತಳ್ಳಿಕೊಂಡು ಹೋಗಬೇಕಿತ್ತು. ಆದರೆ ಗೇಟು ದಾಟಿದ ಮೇಲೆ, ಬಾರ್ ಮೇಲೆ ಕೂತು ಬೆಳೆದವಳು ನಾನು, ಒಂದು ಸಲ ತುಳಿದುಕೊಂಡೇ ಹೋಗೋಣ ಎನ್ನಿಸಿತು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಹತ್ತಿದೆ. ಎಷ್ಟೋ ವರ್ಷದ ಮೇಲೆ ಸೈಕಲ್ ತುಳಿಯುತ್ತಿದ್ದೆ, ಆದರೂ ಸೈಕಲ್ ನೇರ ಹೋಯಿತು, ನನ್ನ ಸಹಾಯವೇ ಬೇಡವೆನ್ನುವಂತೆ ಹೋಯಿತು. ಕ್ರಾಸಿನ ಕೊನೆಗೆ ಬಂದೆ. ನಿಧಾನ ಮಾಡಿ ಬಲಕ್ಕೆ ತಿರುಗಿಸಿದೆ. ನಾನು ತಿರುಗಿಸಿದ್ದು ಒಂದಿಷ್ಟು, ಹ್ಯಾಂಡಲ್ ಮಿಕ್ಕಿದ್ದನ್ನು ತಾನೇ ತಿರುಗಿಕೊಂಡಿತು. ಬಲಗಾಲಿನ ಬೆರಳಿಗೆ ಏನೋ ತಾಗಿ ಕಾಲು ಸಿಕ್ಕಿಕೊಂಡಿತು. ನಾನು ಇಸ್ತ್ರಿ ಗಾಡಿಯ ಮುಂದೆ ನೆಲದ ಮೇಲಿದ್ದೆ.

ಆ ಕ್ಷಣ ನನಗೆ ಹೊಳೆದದ್ದನ್ನು ಹೇಳಿದರೆ ನಗುತ್ತೀರಿ. ನನಗೂ ಬಂತು, ಎಂದುಕೊಂಡೆ. ಇದು ವಂಶದಲ್ಲೇ ಇದೆ, ದೊಡ್ಡಪ್ಪನಿಗೆ ಬಂತು, ಅಪ್ಪನಿಗೆ ಬಂತು, ಈಗ ನನಗೂ ಬಂತು. ನೆಲದ ಮೇಲೆ ಕೂತೇ ಕಣ್ಣು ಮುಚ್ಚಿ ಮೂಗಿನ ತುದಿ ಮುಟ್ಟಿ ನೋಡಿಕೊಂಡೆ. ಮೂಗು ಅದರ ಜಾಗದಲ್ಲೇ ಇತ್ತು.

“ಪೆಟ್ಟಾಯ್ತಾ ಮೇಡಂ?” ಇಸ್ತ್ರಿ ಮಾಡುವ ಆಂಟಿ ಪೆಟ್ಟಿಗೆ ಪಕ್ಕಕ್ಕಿಟ್ಟು ಬಂದರು.

ಇಲ್ಲ ಎಂದು ಎದ್ದು ಮತ್ತೆ ಹತ್ತಿದೆ. ಬೇಕೆಂದೇ ಅಲ್ಲೇ ತಿರುಗಿಸಿದೆ. ಬೇಕೆಂದೇ ಕೆಳಗೆ ನೋಡಿದೆ. ದಾರಿ ನೋಡದೆ ಚಕ್ರ ನೋಡಿದೆ. ತಿರುಗಿದ ಟೈರು ನನ್ನ ಪೆಡಲಿನ ಮೇಲಿನ ಪಾದಕ್ಕೆ ಬಂದು ಉಜ್ಜಿತು. ಚಪ್ಪಲಿಯ ತುದಿಯನ್ನು, ಸರಿಯಾಗಿ ಹೆಬ್ಬೆರಳಿನ ಜಾಗದಲ್ಲಿ. ಈ ಸಲ ಕಾಲು ಊರಿದ್ದರಿಂದ ಬೀಳಲಿಲ್ಲ. ಇಸ್ತ್ರಿ ಗಾಡಿಯ ಪಕ್ಕದಲ್ಲಿ ಯಾರದೋ ಹಳೆಯ ಸೈಕಲ್ ಒರಗಿಸಿತ್ತು. ಅದರ ಫೋರ್ಕು ನೋಡಿದೆ. ತುದಿ ಮುಂದಕ್ಕೆ ಬಾಗಿತ್ತು. ನಮ್ಮದನ್ನು ನೋಡಿದೆ. ತುದಿ ಹಿಂದಕ್ಕೆ, ಪೆಡಲಿನ ಕಡೆಗೆ ಬಾಗಿತ್ತು. ಮತ್ತೆ ಅದನ್ನು ನೋಡಿದೆ, ಮತ್ತೆ ಇದನ್ನು ನೋಡಿದೆ. ಮೆಟ್ಟಿಲ ಕೆಳಗಿಂದ ಎಳೆಯುವಾಗ ಚಕ್ರ ಪೂರ್ತಿ ಹಿಂದಕ್ಕೆ ತಿರುಗಿಕೊಂಡಿದೆ, ಅಪ್ಪ ಅದರ ಮೇಲೆ ಹ್ಯಾಂಡಲ್ ಮಾತ್ರ ಮುಂದಕ್ಕೆ ಮಾಡಿ ಬಿಗಿದಿದ್ದಾರೆ. ಹ್ಯಾಂಡಲಿನಿಂದ ಚಕ್ರದವರೆಗೆ ಕಬ್ಬಿಣದ ಕಡ್ಡಿ ಇಳಿಯುವ ಹಳೆಯ ಕಡ್ಡಿ ಬ್ರೇಕ್ ಇದ್ದಿದ್ದರೆ ಹೀಗೆ ತಿರುಗುತ್ತಲೇ ಇರಲಿಲ್ಲ. ಮುಂದಿನ ಬ್ರೇಕೋ ಮಡ್‌ಗಾರ್ಡೋ ಇದ್ದಿದ್ದರೂ ಉಲ್ಟಾ ಆದದ್ದು ಕಣ್ಣಿಗೆ ಹೊಡೆಯುತ್ತಿತ್ತು. ಎಲ್ಲವನ್ನೂ ಬಿಚ್ಚಿ ಡಬ್ಬಿಗೆ ಹಾಕಿದ್ದರಲ್ಲ.

ನಾನು ಫುಟ್‌ಪಾತಿನ ಕಲ್ಲಿನ ಮೇಲೆ ಕೂತು ನಗತೊಡಗಿದೆ. ಮಂಡಿಯಿಂದ ರಕ್ತ ಬರುತ್ತಿತ್ತು. ನಗು ನಿಲ್ಲಲಿಲ್ಲ, ಮಧ್ಯೆ ಅಳುವೂ ಬಂತು.

“ತಲೆಗೇನಾದ್ರೂ ಬಿತ್ತಾ ಪೆಟ್ಟು?” ಎಂದರು ಆಂಟಿ, ಈ ಸಲ ಸ್ವಲ್ಪ ದೂರದಲ್ಲೇ ನಿಂತು.

“ಇಲ್ಲ ಆಂಟಿ, ನಮ್ಮಪ್ಪಂಗೆ ಏನೂ ಆಗಿಲ್ಲ” ಎಂದೆ. ಅವರಿಗೆ ಇನ್ನಷ್ಟು ಗಾಬರಿಯಾಯಿತು.

ಗಣಿತದ ಟೀಚರ್ ನಾನು, ಇಲ್ಲೊಂದು ಪ್ಯಾರಾ ಸಹಿಸಿಕೊಳ್ಳಿ. ಹ್ಯಾಂಡಲ್ ಕೂತಿರುವ ಕೊಳವೆ ನೆಟ್ಟಗಿರುವುದಿಲ್ಲ, ಸವಾರನ ಕಡೆಗೆ ಓರೆಯಾಗಿರುತ್ತದೆ. ಆ ಓರೆಯಲ್ಲೇ ಒಂದು ಗೆರೆ ಎಳೆದು ನೆಲಕ್ಕೆ ಮುಟ್ಟಿಸಿ. ಚಕ್ರ ನೆಲ ಮುಟ್ಟುವ ಜಾಗ ಆ ಗೆರೆಗಿಂತ ಒಂದಿಷ್ಟು ಹಿಂದಿರುತ್ತದೆ. ಹಿಂದಿರುವುದರಿಂದಲೇ ಚಕ್ರ ಸೆರಗು ಹಿಡಿದ ಮಗುವಿನ ಹಾಗೆ ನಾವು ಹೋದ ಕಡೆ ಬರುತ್ತದೆ. ಫೋರ್ಕಿನ ತುದಿ ಮುಂದಕ್ಕೆ ಬಾಗಿರುವುದು ಈ ಅಂತರವನ್ನು ಹದದಲ್ಲಿಡಲು. ಅಂತರ ತೀರ ಕಡಿಮೆಯಾದರೆ ಹ್ಯಾಂಡಲ್ ಮುಟ್ಟಿದ್ದಕ್ಕೆಲ್ಲ ಅಲುಗಾಡುತ್ತದೆ. ತೀರ ಹೆಚ್ಚಾದರೆ ಸೈಕಲ್ಲಿಗೆ ಹಟ ಬರುತ್ತದೆ. ನೇರ ದಾರಿಯಲ್ಲಿ ಕೈ ಬಿಟ್ಟರೂ ನೇರವೇ, ಆದರೆ ನಿಧಾನವಾಗಿ ತಿರುಗಿಸಿದಿರೋ, ಹ್ಯಾಂಡಲ್ ಪೂರ್ತಿ ಒಳಕ್ಕೆ ಕುಸಿಯುತ್ತದೆ. ಫೋರ್ಕು ಹಿಂದುಮುಂದಾದರೆ ಆಗುವುದು ಇದೇ, ಜೊತೆಗೆ ಚಕ್ರ ಪೆಡಲಿನ ಹತ್ತಿರ ಬಂದು ಕಾಲಿಗೆ ತಾಗುತ್ತದೆ. ಶಾಂತಕ್ಕ ಕಂಡದ್ದು, ಅಮ್ಮ ತೋರಿಸಿದ ಚಪ್ಪಲಿ, ಬೇಕರಿ ಮುಂದಿನ ಅವಮಾನ, ಎಲ್ಲ ಅಪ್ಪನ ಮೆದುಳಿನಲ್ಲಲ್ಲ, ಈ ಕಬ್ಬಿಣದಲ್ಲಿತ್ತು. ಇದನ್ನು ಮುಂದೆ ಒಂಬತ್ತನೇ ಕ್ಲಾಸಿಗೆ ಬೋರ್ಡಿನ ಮೇಲೆ ಬಿಡಿಸಿ ವಿವರಿಸಿದ್ದೇನೆ. ಮಕ್ಕಳು ಪರೀಕ್ಷೆಗೆ ಬರುತ್ತಾ ಮಿಸ್ ಎಂದು ಕೇಳಿದರು.

ಸೈಕಲ್ ತಳ್ಳಿಕೊಂಡು ಓಡಿ ಬಂದೆ. ಅಪ್ಪ ಅದೇ ಪೇಪರಿನ ಅದೇ ಪುಟ ಹಿಡಿದು ಕೂತಿದ್ದರು.

“ಅಪ್ಪಾ, ನಾನೂ ಬಿದ್ದೆ.”

ಅವರ ಮುಖ ಬಿಳುಚಿಕೊಂಡಿತು. “ತಲೆ ಸುತ್ತಿತಾ?”

“ನಂದಲ್ಲ, ಫೋರ್ಕಿಂದು. ಬಂದು ನೋಡಿ.”

ಬಂದು ನೋಡಿದರು. ಬಗ್ಗಿ ಬೆರಳಿನಿಂದ ಆ ಬಾಗನ್ನು ಮೇಲಿಂದ ಕೆಳಗೆ ಸವರಿದರು. ಹ್ಯಾಂಡಲ್ ತಿರುಗಿಸಿದರು, ಟೈರು ಪೆಡಲಿನ ಹತ್ತಿರ ಬಂತು. ಚಪ್ಪಲಿ ಬಿಚ್ಚಿ ಅದರ ತುದಿಯನ್ನು ಟೈರಿಗೆ ಹಿಡಿದರು. ಹಾಗೇ ಮೆಟ್ಟಿಲ ಮೇಲೆ ಕೂತು ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡರು.

“ನಾನೇ ಟೈಟ್ ಮಾಡಿದ್ದಲ್ವೇನೇ ಇದು?” ಎಂದರು ಕೊನೆಗೆ. “ಎಂಥಾ ದಡ್ಡ ನಾನು.” ತಮ್ಮನ್ನು ತಾವು ದಡ್ಡ ಎಂದು ಕರೆದುಕೊಳ್ಳುವಾಗ ಯಾರೂ ಅಷ್ಟು ಖುಷಿಯಾಗಿದ್ದುದನ್ನು ನಾನು ಕಂಡಿಲ್ಲ. ಡಬ್ಬಿ ಬಂತು. ಬೋಲ್ಟ್ ಸಡಿಲಿಸಿ, ನಾನು ಹ್ಯಾಂಡಲ್ ಹಿಡಿದುಕೊಂಡು, ಅವರು ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಬಿಗಿದರು. ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಆಮೇಲೆ ಕ್ಲಿನಿಕ್ಕಿನ ಡಾಕ್ಟರಿಗೆ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕು, ಯಾವುದಕ್ಕೂ ಬಿಪಿ ನೋಡಿಬಿಡೋಣ ಎಂದು ತೋಳಿಗೆ ಪಟ್ಟಿ ಸುತ್ತಿದರು. ಅದೂ ಸರಿಯಾಗಿತ್ತು.

ಅಮ್ಮ ಅಷ್ಟು ಸುಲಭಕ್ಕೆ ನಂಬುವವಳಲ್ಲ. ಮೊದಲು ನನ್ನನ್ನು ತುಳಿಸಿ ನೋಡಿದಳು. ನಾನು ಬೀಳಲಿಲ್ಲ. ಆಮೇಲೆ ಅಪ್ಪ ಪಂಚೆ ಎತ್ತಿ ಕಟ್ಟಿ ಹತ್ತಿದರು. ಅಮ್ಮ, ನಾನು ಗೇಟಿನಲ್ಲಿ ನಿಂತೆವು. ಅಪ್ಪ ನಿಧಾನವಾಗಿ ಕ್ರಾಸಿನ ಕೊನೆಗೆ ಹೋದರು, ಕೈ ತೋರಿಸಿದರು, ತಿರುಗಿದರು. ಮರೆಯಾದರು. ಏನೂ ಬಿದ್ದ ಸದ್ದಾಗಲಿಲ್ಲ.

ಅಮ್ಮ ಗೇಟಿನ ಸರಳು ಹಿಡಿದುಕೊಂಡು ಕೆಳಗೇ ಕೂತಳು. ಈ ಎಲ್ಲ ದಿನಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ಈಗ ಅತ್ತಳು.

“ಕೆಂಗೇರಿ ಅಕ್ಕಂಗೆ ಫೋನ್ ಮಾಡಿದ್ದೆ ಕಣೇ” ಎಂದಳು. ದೊಡ್ಡಮ್ಮನಿಗೆ. “ಭಾವಂಗೆ ಅನ್ನ ಹೆಂಗೆ ತಿನ್ನಿಸ್ತಿದ್ರಿ ಅಂತ ಕೇಳ್ದೆ. ಎಷ್ಟು ಮೆತ್ತಗೆ ಕಲಸ್ಬೇಕು, ಕೂರ್ಸಿ ತಿನ್ನಿಸ್ಬೇಕಾ, ಮಲಗ್ಸಿ ತಿನ್ನಿಸ್ಬೇಕಾ ಅಂತ. ಯಾಕೆ ಕೇಳ್ತಿದೀಯಾ ಅಂದ್ರು. ಸುಮ್ನೆ ಅಂದೆ. ಅವ್ರು ಆ ಕಡೆಯಿಂದ ಅಳಕ್ಕೆ ಶುರು ಮಾಡಿದ್ರು.”

ಅವಳ ಪಕ್ಕ ಕೂತೆ. ಬೀದಿಯ ಆ ಕೊನೆಯಿಂದ ಅಪ್ಪ ಬೆಲ್ ಬಾರಿಸುತ್ತಾ ಬಂದರು, ನಮ್ಮನ್ನು ದಾಟಿ ಇನ್ನೊಂದು ಸುತ್ತಿಗೆ ಹೋದರು. ಊಟಕ್ಕೆ ಕರೆದರೆ ಬರಲಿಲ್ಲ. ನೆತ್ತಿ ಸುಡುವವರೆಗೂ ಸುತ್ತಿ, ಬೆವರಿಳಿಸಿಕೊಂಡು ಬಂದು ತಟ್ಟೆಯ ಮುಂದೆ ಕೂತರು.

ಅಪ್ಪ ಸಾರನ್ನ ಕಲಸಿಕೊಂಡು ತಿನ್ನುವುದನ್ನು ಅಮ್ಮ ಎದುರಿಗೆ ಕೂತು ಕೊನೆಯ ತುತ್ತಿನವರೆಗೂ ನೋಡಿದಳು. ಆಮೇಲೆ ಮಜ್ಜಿಗೆಗೆಂದು ಇನ್ನೊಂದು ಸೌಟು ಅನ್ನ ಬಡಿಸಿದಳು. ಸಾಕು ಕಣೇ ಎಂದು ಅಪ್ಪ ಕೈ ಅಡ್ಡ ಹಿಡಿದರೂ ಕೇಳಲಿಲ್ಲ.